ಯಾವುದರ ವೋಲ್ಟೇಜು, ಎಲ್ಲಿಯ ಕರೆಂಟು?

ಈ ಸಲ ಬಂದ ಪತ್ರಗಳಲ್ಲಿ ಐದು ಒಂದೇ ಗಂಟಿನ ಸುತ್ತ ಸುತ್ತುತ್ತಿರುವುದರಿಂದ ಅವಕ್ಕೆ ಒಟ್ಟಿಗೆ ಉತ್ತರಿಸುತ್ತಿದ್ದೇನೆ. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೋಧ ಸಿಗುತ್ತದೆ, ಅದು ಓಮ್‌ಗಳಲ್ಲಿ. ವೋಲ್ಟೇಜನ್ನು ಕರೆಂಟಿನಿಂದ ಗುಣಿಸಿದರೆ ಸಾಮರ್ಥ್ಯ ಸಿಗುತ್ತದೆ, ಅದು ವ್ಯಾಟ್‌ಗಳಲ್ಲಿ. ಇಷ್ಟರಲ್ಲಿ ಪತ್ರ ಬರೆದ ಯಾರೂ ತಪ್ಪಿಲ್ಲ, ಭಾಗಾಕಾರ ಗುಣಾಕಾರಗಳೂ ಸರಿಯಾಗಿವೆ. ಆದರೆ ಆ ವೋಲ್ಟೇಜು ಯಾವ ಎರಡು ತುದಿಗಳ ನಡುವಿನದು, ಆ ಕರೆಂಟು ಯಾವ ವಸ್ತುವಿನ ಮೂಲಕ ಹರಿದದ್ದು, ಎರಡನ್ನೂ ಒಂದೇ ಹೊತ್ತಿನಲ್ಲಿ ಅಳೆದದ್ದೇ ಎಂದು ಕೇಳಿಕೊಳ್ಳದೆ ಅಂಕಿಗಳನ್ನು ಸೂತ್ರಕ್ಕೆ ತುಂಬಿದ್ದರಿಂದ ಎಲ್ಲರಿಗೂ ತೊಡಕಾಗಿದೆ.

ಪ್ರಶ್ನೆ: ನಮ್ಮ ಮನೆಯ 15 ಲೀಟರಿನ ಗೀಸರಿನ ಮೇಲೆ 2000 ವ್ಯಾಟ್, 230 ವೋಲ್ಟ್ ಎಂದು ಬರೆದಿದೆ. ನೀರು ಕಾಯುವುದು ತಡವಾಗುತ್ತಿದೆ ಎಂದು ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿದೆವು. ಗೀಸರ್ ಕೆಲಸ ಮಾಡುತ್ತಿರುವಾಗ ಅವರು ಬಚ್ಚಲುಮನೆಯ ಸಾಕೆಟ್ಟಿನಲ್ಲಿ ಅಳೆದರೆ 201 ವೋಲ್ಟ್ ಇತ್ತು, ಕ್ಲ್ಯಾಂಪ್ ಮೀಟರಿನಲ್ಲಿ 7.6 ಆಂಪಿಯರ್ ಬಂತು. ಗೀಸರ್ ಆರಿಸಿದ ಕೂಡಲೇ ಅದೇ ಸಾಕೆಟ್ಟಿನಲ್ಲಿ 226 ವೋಲ್ಟ್ ತೋರಿಸುತ್ತದೆ. ಲೆಕ್ಕ ಹಾಕಿದರೆ 1500 ವ್ಯಾಟ್ ಚಿಲ್ಲರೆಯಷ್ಟೇ ಆಗುತ್ತದೆ. ಕಾಯಿಲ್ ಹೋಗಿದೆ, ಬದಲಿಸಿ ಎನ್ನುತ್ತಿದ್ದಾರೆ. ಬದಲಿಸಬೇಕೇ? (ನಿವೃತ್ತ ಬ್ಯಾಂಕ್ ನೌಕರರು, ಬನಶಂಕರಿ)

ಉತ್ತರ: ಬದಲಿಸಬೇಡಿ. ನಿಮ್ಮ ಕಾಯಿಲ್ ಚೆನ್ನಾಗಿದೆ ಎಂಬುದಕ್ಕೆ ನಿಮ್ಮ ಪತ್ರವೇ ಸಾಕ್ಷಿ.

ಗೀಸರಿನ ಮೇಲೆ ಬರೆದ ಎರಡು ಅಂಕಿಗಳಿಂದ ಆರಂಭಿಸೋಣ. 230 ವೋಲ್ಟ್ ಕೊಟ್ಟಾಗ 2000 ವ್ಯಾಟ್ ಎಂದರೆ ಕರೆಂಟು 2000 ÷ 230 = 8.7 ಆಂಪಿಯರ್, ರೋಧ 230 ÷ 8.7 = 26.4 ಓಮ್. ಈಗ ನಿಮ್ಮ ಅಳತೆಯನ್ನು ನೋಡಿ: 201 ÷ 7.6 = 26.4 ಓಮ್. ಎರಡೂ ಒಂದೇ. ಗೀಸರಿನೊಳಗಿನ ನೈಕ್ರೋಮ್ ತಂತಿ ಕಾರ್ಖಾನೆಯಿಂದ ಹೊರಟಾಗ ಹೇಗಿತ್ತೋ ಇಂದಿಗೂ ಹಾಗೆಯೇ ಇದೆ. ಅಷ್ಟಕ್ಕೂ ಕಾಯಿಲ್ ಕೆಡುವುದೆಂದರೆ ಸಾಮಾನ್ಯವಾಗಿ ಕಡಿದುಹೋಗುವುದೇ ಹೊರತು ಮುಕ್ಕಾಲು ಪಾಲು ಕೆಲಸ ಮಾಡುತ್ತ ಉಳಿಯುವುದಲ್ಲ. ಬೋರ್‌ವೆಲ್ ನೀರಿನ ಉಪ್ಪು ಕಾಯಿಲ್ ಮೇಲೆ ಕಟ್ಟಿಕೊಂಡಿರಬಹುದು ಎಂದೂ ಕೆಲವರು ಹೇಳುತ್ತಾರೆ. ಕಟ್ಟಿಕೊಂಡರೆ ಕಾಯಿಲಿನ ಆಯಸ್ಸು ಕುಗ್ಗುತ್ತದೆ, ವ್ಯಾಟ್ ಕುಗ್ಗುವುದಿಲ್ಲ.

ಕಡಿಮೆಯಾಗಿರುವುದು ಕಾಯಿಲಿಗೆ ತಲಪುವ ವೋಲ್ಟೇಜು. ರೋಧ ಬದಲಾಗದೆ ಇದ್ದಾಗ ವೋಲ್ಟೇಜು ಇಳಿದಷ್ಟೇ ಕರೆಂಟೂ ಇಳಿಯುತ್ತದೆ, ಸಾಮರ್ಥ್ಯವಾದರೋ ಇವೆರಡರ ಗುಣಲಬ್ಧವಾದ್ದರಿಂದ ಎರಡೂ ಕಡೆಯಿಂದ ಪೆಟ್ಟು ತಿನ್ನುತ್ತದೆ. ಆದ್ದರಿಂದ ನಿಮ್ಮಲ್ಲಿ ವೋಲ್ಟೇಜು ನೂರಕ್ಕೆ ಹದಿಮೂರರಷ್ಟು ಇಳಿದಿದ್ದರೆ ಸಾಮರ್ಥ್ಯ ನೂರಕ್ಕೆ ಇಪ್ಪತ್ನಾಲ್ಕರಷ್ಟು ಇಳಿದಿದೆ: 201 × 7.6 = 1528 ವ್ಯಾಟ್. ಡಿಸೆಂಬರಿನ ಬೆಳಗ್ಗೆ 20 ಡಿಗ್ರಿಯಲ್ಲಿರುವ 15 ಲೀಟರ್ ನೀರನ್ನು 50 ಡಿಗ್ರಿಗೆ ಏರಿಸಲು ಸುಮಾರು 1880 ಕಿಲೋಜೂಲ್ ಶಾಖ ಬೇಕು. 2000 ವ್ಯಾಟಿನಲ್ಲಿ ಅದಕ್ಕೆ ಹದಿನಾರು ನಿಮಿಷವೂ ಹಿಡಿಯದು. 1528 ವ್ಯಾಟಿನಲ್ಲಿ ಇಪ್ಪತ್ತೂವರೆ ನಿಮಿಷ ಬೇಕು. ನಿಮ್ಮ ಮನೆಯವರು ಬಾಗಿಲು ತಟ್ಟುವ ಐದು ನಿಮಿಷ ಇದೇ.

ಹಾಗಾದರೆ 25 ವೋಲ್ಟ್ ಎಲ್ಲಿ ಹೋಯಿತು? ಗೀಸರ್ ಆರಿಸಿ ಮತ್ತೊಮ್ಮೆ ಅಳೆದದ್ದು ತುಂಬ ಒಳ್ಳೆಯದಾಯಿತು. ಬೀದಿಯಲ್ಲೇ ವೋಲ್ಟೇಜು ಕಡಿಮೆ ಇದ್ದಿದ್ದರೆ ಗೀಸರ್ ಆರಿಸಿದ ಮೇಲೂ ಸಾಕೆಟ್ಟಿನಲ್ಲಿ ಇನ್ನೂರರ ಆಸುಪಾಸೇ ಇರುತ್ತಿತ್ತು. ನಿಮ್ಮಲ್ಲಿ ಅದು 226ಕ್ಕೆ ಎದ್ದು ನಿಂತಿದೆ. ಅಂದರೆ ನಿಮ್ಮ ಗೀಸರಿನ ಕರೆಂಟು ಹರಿಯುವ ದಾರಿಯಲ್ಲಿಯೇ ಇನ್ನೊಂದು ರೋಧ ಅಡಗಿ ಕುಳಿತಿದೆ, ಕರೆಂಟು ಹರಿದಾಗ ಮಾತ್ರ ಅದು ತನ್ನ ಪಾಲನ್ನು ಕಿತ್ತುಕೊಳ್ಳುತ್ತದೆ. ಅದರ ಬೆಲೆ 25 ÷ 7.6 = 3.3 ಓಮ್, ಅದು ನುಂಗುತ್ತಿರುವುದು 25 × 7.6 = 190 ವ್ಯಾಟ್.

ಇದು ವೈರಿನ ಸಹಜ ರೋಧ ಅಲ್ಲ. ಮೀಟರ್ ಬೋರ್ಡಿನಿಂದ ಬಚ್ಚಲುಮನೆಗೆ 20 ಮೀಟರ್ ದೂರವಿದ್ದು, ಹೋಗಿ ಬರುವ ದಾರಿ 40 ಮೀಟರ್ ಎಂದಿಟ್ಟುಕೊಂಡರೆ, ಗೀಸರಿಗೆ ಹಾಕಬೇಕಾದ 2.5 ಚದರ ಮಿಲಿಮೀಟರ್ ತಾಮ್ರದ ವೈರಿನ ರೋಧ ಸುಮಾರು 0.28 ಓಮ್ ಮಾತ್ರ. ಹಣ ಉಳಿಸಲು ಯಾರೋ 1 ಚದರ ಮಿಲಿಮೀಟರಿನ ವೈರ್ ಎಳೆದಿದ್ದರೂ 0.7 ಓಮ್ ದಾಟದು. ಆದ್ದರಿಂದ 3.3 ಓಮಿನ ಬಹುಪಾಲು ಯಾವುದೋ ಸಡಿಲ ಸ್ಕ್ರೂ, ಕರಕಲಾದ ಸ್ವಿಚ್ಚು, ಬಿಗಿ ಕಳೆದುಕೊಂಡ ಸಾಕೆಟ್ಟಿನ ಹಿತ್ತಾಳೆ ಅಥವಾ ಹಳೆಯ ಅಲ್ಯೂಮಿನಿಯಂ ವೈರಿಗೆ ತಾಮ್ರವನ್ನು ತಿರುಚಿ ಟೇಪು ಸುತ್ತಿದ ಜಾಗದಲ್ಲಿ ಇರಬೇಕು. ರೇಡಿಯೋ ರಿಪೇರಿಯವರ ಬೆಸುಗೆ ಕಡ್ಡಿ 25 ವ್ಯಾಟಿನದು, ಅದರ ತುದಿ ಸೀಸ ಕರಗಿಸುತ್ತದೆ. ನಿಮ್ಮ ಗೋಡೆಯೊಳಗೆ ಅಂಥ ಏಳು ಕಡ್ಡಿಗಳಿಗೆ ಸಾಲುವಷ್ಟು ಶಾಖ ಹುಟ್ಟುತ್ತಿದೆ. ಒಂದೇ ಕಡೆ ಇದ್ದಿದ್ದರೆ ಇಷ್ಟು ಹೊತ್ತಿಗೆ ಸುಟ್ಟ ವಾಸನೆ ಬರಬೇಕಿತ್ತು. ಎರಡು ಮೂರು ಕಡೆ ಹಂಚಿಹೋಗಿರಬಹುದು ಎಂಬುದು ನನ್ನ ಊಹೆ. ಸರಿಪಡಿಸುವವರೆಗೆ ಆ ಸಾಕೆಟ್ಟನ್ನು ಬಳಸಬೇಡಿ.

ಎಲೆಕ್ಟ್ರಿಷಿಯನ್ ಅವರನ್ನು ಮತ್ತೆ ಕರೆಸಿ, ಗೀಸರನ್ನು ಒಂದೆರಡು ನಿಮಿಷ ಹಚ್ಚಿಟ್ಟು ಮೀಟರ್ ಬೋರ್ಡಿನಲ್ಲಿ ವೋಲ್ಟೇಜು ಅಳೆಯಲು ಹೇಳಿ. ಅಲ್ಲಿ 224ರ ಸುಮಾರು ಇದ್ದರೆ ದೋಷ ಮನೆಯೊಳಗಿದೆ. ಅಲ್ಲಿಯೂ 203ಕ್ಕೆ ಕುಸಿದರೆ ಕಂಬದಿಂದ ಬರುವ ಸರ್ವಿಸ್ ವೈರಿನಲ್ಲಿದೆ, ಆಗ ಬೆಸ್ಕಾಂ ಸಹಾಯವಾಣಿ 1912ಕ್ಕೆ ತಿಳಿಸಬೇಕು. ಮನೆಯೊಳಗೆ ಎಂದು ಖಚಿತವಾದರೆ ಹುಡುಕುವ ಉಪಾಯ ಸರಳ: ಹಚ್ಚಿರುವ ಸ್ವಿಚ್ಚಿನ ಎರಡು ತುದಿಗಳ ನಡುವೆ ವೋಲ್ಟೇಜು ಹೆಚ್ಚುಕಡಿಮೆ ಸೊನ್ನೆ ಇರಬೇಕು, 8 ವೋಲ್ಟ್ ಬಂದರೆ ಆ ಸ್ವಿಚ್ಚೇ 61 ವ್ಯಾಟ್ ತಿನ್ನುತ್ತಿದೆ ಎಂದು ಅರ್ಥ. ಆದರೆ ಈ ಅಳತೆಗಳನ್ನು ಜೀವಂತ ತಂತಿಯ ಮೇಲೆ ಮಾಡಬೇಕಾದ್ದರಿಂದ ನೀವು ಪಕ್ಕದಲ್ಲಿ ನಿಂತು ನೋಡಿ, ಕೈಹಾಕಬೇಡಿ.

ಬಿಲ್ಲಿನ ವಿಷಯವನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ದೋಷ ಮೀಟರಿನಿಂದ ಈಚೆ ಇದ್ದರೆ ಮೀಟರ್ ಲೆಕ್ಕ ಹಿಡಿಯುವುದು ಒಟ್ಟು 1718 ವ್ಯಾಟನ್ನು. ಅದರಲ್ಲಿ ನೀರಿಗೆ ಸೇರುವುದು 1528. ಗೀಸರಿನ ಬಾಬತ್ತಿನಲ್ಲಿ ನೂರು ರೂಪಾಯಿಗೆ ಹನ್ನೊಂದು ರೂಪಾಯಿಯನ್ನು ನೀವು ಗೋಡೆ ಕಾಯಿಸಲು ಕೊಡುತ್ತಿದ್ದೀರಿ.

ಪ್ರಶ್ನೆ: ಅಟ್ಟದಲ್ಲಿದ್ದ 100 ವ್ಯಾಟಿನ ಹಳೆಯ ಬಲ್ಬಿನ ರೋಧವನ್ನು ಮಲ್ಟಿಮೀಟರಿನಲ್ಲಿ ಅಳೆದೆ, 38 ಓಮ್ ಬಂತು. 230 ವೋಲ್ಟನ್ನು 38ರಿಂದ ಭಾಗಿಸಿದರೆ 6 ಆಂಪಿಯರ್, ಸಾಮರ್ಥ್ಯ ಸುಮಾರು 1390 ವ್ಯಾಟ್ ಆಗುತ್ತದೆ. ಬಲ್ಬಿನ ಮೇಲೆ 100 ಎಂದಿದೆ. ಮೀಟರ್ ತಪ್ಪೇ, ಓಮ್‌ನ ನಿಯಮ ತಪ್ಪೇ? (ಹತ್ತನೆಯ ತರಗತಿಯ ವಿದ್ಯಾರ್ಥಿನಿ, ಮಲ್ಲೇಶ್ವರ)

ಉತ್ತರ: ಎರಡೂ ತಪ್ಪಲ್ಲ, ಮಗೂ. ನೀನು ಅಳೆದದ್ದು ತಣ್ಣಗಿರುವ ಬಲ್ಬನ್ನು, ಲೆಕ್ಕ ಹಾಕಿದ್ದು ಉರಿಯುವ ಬಲ್ಬಿಗೆ.

ಉರಿಯುವಾಗ ಆ ಬಲ್ಬಿನ ಕರೆಂಟು 100 ÷ 230 = 0.435 ಆಂಪಿಯರ್, ಆದ್ದರಿಂದ ರೋಧ 230 ÷ 0.435 = 529 ಓಮ್. ಅಂದರೆ ತಣ್ಣಗಿದ್ದಾಗಿನದಕ್ಕಿಂತ ಹದಿನಾಲ್ಕು ಪಟ್ಟು. ಒಳಗಿನ ಟಂಗ್‌ಸ್ಟನ್ ತಂತು ಸುಮಾರು 2500 ಡಿಗ್ರಿ ಸೆಲ್ಸಿಯಸ್‌ಗೆ ಕಾಯುತ್ತದೆ. ಲೋಹ ಕಾದಂತೆ ಅದರ ಪರಮಾಣುಗಳ ನಡುಕ ಹೆಚ್ಚಿ ಎಲೆಕ್ಟ್ರಾನುಗಳ ಹಾದಿಗೆ ಅಡ್ಡಿ ಹೆಚ್ಚುತ್ತದೆ. ನೀನು ಲೆಕ್ಕ ಹಾಕಿದ 6 ಆಂಪಿಯರ್ ಕೂಡ ಸುಳ್ಳಲ್ಲ: ಸ್ವಿಚ್ ಒತ್ತಿದ ಮೊದಲ ಕ್ಷಣಕ್ಕೆ ಅಷ್ಟರ ಸುಮಾರು ಕರೆಂಟು ನುಗ್ಗುತ್ತದೆ, ತಂತು ಕಾಯುತ್ತಿದ್ದಂತೆ ಸೆಕೆಂಡಿನ ಒಂದು ಸಣ್ಣ ಪಾಲಿನಲ್ಲಿ ಅರ್ಧ ಆಂಪಿಯರಿಗಿಂತ ಕೆಳಗಿಳಿಯುತ್ತದೆ. ಹಳೆಯ ಬಲ್ಬುಗಳು ಉರಿಯುತ್ತಿರುವಾಗ ಹೋಗುವುದಕ್ಕಿಂತ ಸ್ವಿಚ್ ಹಾಕಿದ ಕ್ಷಣದಲ್ಲಿ ಟಪ್ಪೆಂದು ಹೋಗುತ್ತಿದ್ದುದಕ್ಕೆ ಇದೇ ಕಾರಣ. ನಿಮ್ಮ ಅಜ್ಜಿಯನ್ನು ಕೇಳು.

ಪಾಠದಲ್ಲಿ ಓಮ್‌ನ ನಿಯಮದ ಜೊತೆಗೆ ‘ತಾಪ ಸ್ಥಿರವಾಗಿದ್ದಾಗ’ ಎಂಬ ಮಾತೊಂದು ಇರುತ್ತದೆ. ಅದನ್ನು ಮಕ್ಕಳು ಪರೀಕ್ಷೆಗೆಂದು ಬಾಯಿಪಾಠ ಮಾಡಿ ಆಮೇಲೆ ಮರೆಯುತ್ತಾರೆ. ಗೇಯೋರ್ಗ್ ಓಮ್ ಎಂಬ ಜರ್ಮನಿಯ ಶಾಲಾ ಮಾಸ್ತರರು 1827ರಲ್ಲಿ ಆ ನಿಯಮವನ್ನು ಪುಸ್ತಕವಾಗಿ ಪ್ರಕಟಿಸುವ ಮೊದಲು ಸ್ಥಿರತೆಗಾಗಿಯೇ ಸಾಕಷ್ಟು ಹೆಣಗಾಡಿದ್ದರು. ಆ ಕಾಲದ ರಾಸಾಯನಿಕ ಕೋಶಗಳು ಒಂದೇ ಸಮನೆ ಕರೆಂಟು ಕೊಡುತ್ತಿರಲಿಲ್ಲ. ಅದಕ್ಕಾಗಿ ಅವರು ತಾಮ್ರ ಮತ್ತು ಬಿಸ್ಮತ್‌ಗಳನ್ನು ಬೆಸೆದು, ಒಂದು ಬೆಸುಗೆಯನ್ನು ಕುದಿಯುವ ನೀರಿನಲ್ಲೂ ಇನ್ನೊಂದನ್ನು ಕರಗುವ ಮಂಜುಗಡ್ಡೆಯಲ್ಲೂ ಇಟ್ಟು, ಆ ತಾಪದ ಅಂತರದಿಂದ ಹುಟ್ಟುವ ಅಲ್ಪವಾದರೂ ಅಲುಗದ ವೋಲ್ಟೇಜನ್ನು ಬಳಸಿಕೊಂಡರು.

ಮೇಲಿನ ಪತ್ರದ ಗೀಸರಿಗೆ ಈ ತಾಪತ್ರಯವಿಲ್ಲ. ನೈಕ್ರೋಮಿನ ರೋಧ ಕಾದರೂ ಹೆಚ್ಚು ಬದಲಾಗದು, ಅದನ್ನು ಆರಿಸಿಕೊಂಡಿರುವ ಕಾರಣಗಳಲ್ಲಿ ಇದೂ ಒಂದು. ನೀನು ಪ್ರಯೋಗ ಮಾಡುವುದಾದರೆ ಮನೆಯ ಕರೆಂಟಿನ ತಂಟೆಗೆ ಹೋಗದೆ, ಟಾರ್ಚಿನ ಹಳೆಯ ಮಾದರಿಯ ಬಲ್ಬಿಗೆ ಒಂದು, ಎರಡು, ಮೂರು ಸೆಲ್ ಹೀಗೆ ಕೊಡುತ್ತ ಹೋಗು. ಪ್ರತಿ ಸಲ ಬಲ್ಬಿನ ಎರಡು ತುದಿಗಳ ವೋಲ್ಟೇಜನ್ನೂ ಅದರ ಕರೆಂಟನ್ನೂ ಬರೆದುಕೊಂಡು ನಕ್ಷೆ ಎಳೆ. ಗೆರೆ ನೇರವಾಗಿ ಬರುವುದಿಲ್ಲ, ಬಾಗುತ್ತದೆ. ಬಾಗಿದ್ದನ್ನು ರಬ್ಬರಿನಿಂದ ಅಳಿಸಿ ನೇರ ಮಾಡಬೇಡ.

ಪ್ರಶ್ನೆ: ನಮ್ಮ ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ಏರಿಸುವ ಒಂದು ಎಚ್.ಪಿ. ಮೋಟರಿಗೆ 225 ವೋಲ್ಟಿನಲ್ಲಿ 6 ಆಂಪಿಯರ್ ಬರುತ್ತಿದೆ, ಅಂದರೆ 1350 ವ್ಯಾಟ್. ಒಂದು ಎಚ್.ಪಿ. ಎಂದರೆ 746 ವ್ಯಾಟ್ ಅಲ್ಲವೇ? ಹೆಚ್ಚಿನ 600 ವ್ಯಾಟಿಗೆ ನಾನೇಕೆ ಹಣ ಕಟ್ಟಬೇಕು? (ರಾಜಾಜಿನಗರದ ಓದುಗರು)

ಉತ್ತರ: ಅಷ್ಟೂ ವ್ಯಾಟಿಗೆ ನೀವು ಕಟ್ಟುತ್ತಿಲ್ಲ, ಆದರೆ 746ಕ್ಕಿಂತ ಹೆಚ್ಚಿಗೆ ಕಟ್ಟುತ್ತಿರುವುದು ನಿಜ.

ನಮ್ಮ ಮನೆಗಳಿಗೆ ಬರುವುದು ಸೆಕೆಂಡಿಗೆ ಐವತ್ತು ಸಲ ಹಿಂದೆ ಮುಂದೆ ತೂಗುವ ಎಸಿ ವಿದ್ಯುತ್ತು. ಗೀಸರಿನಂಥ ಬರಿಯ ಕಾಯಿಸುವ ಸಾಧನದಲ್ಲಿ ವೋಲ್ಟೇಜೂ ಕರೆಂಟೂ ಹೆಜ್ಜೆಗೆ ಹೆಜ್ಜೆ ಸೇರಿಸಿ ತೂಗುತ್ತವೆ, ಆದ್ದರಿಂದ ಗುಣಿಸಿದರೆ ಸಾಕು. ಮೋಟರಿನ ಸುರುಳಿಗಳಲ್ಲಿ ಕರೆಂಟು ವೋಲ್ಟೇಜಿಗಿಂತ ಒಂದಿಷ್ಟು ಹಿಂದೆ ಬೀಳುತ್ತದೆ. ಸುರುಳಿಯ ಕಾಂತಕ್ಷೇತ್ರ ಒಂದು ಗಳಿಗೆ ಲೈನಿನಿಂದ ಶಕ್ತಿ ಪಡೆದು ಮರುಗಳಿಗೆ ಅದನ್ನೇ ಲೈನಿಗೆ ಹಿಂತಿರುಗಿಸುತ್ತಿರುತ್ತದೆ; ಹೀಗೆ ಹೋಗಿ ಬರುವ ಪಾಲು ಕರೆಂಟಿನಲ್ಲಿ ಕಾಣಿಸಿದರೂ ಖರ್ಚಾಗುವುದಿಲ್ಲ. ಆದ್ದರಿಂದ 225 × 6 = 1350 ಎಂಬುದನ್ನು ವ್ಯಾಟ್ ಎನ್ನದೆ ವೋಲ್ಟ್-ಆಂಪಿಯರ್ ಎನ್ನುತ್ತಾರೆ. ಅದನ್ನು ಪವರ್ ಫ್ಯಾಕ್ಟರ್ ಎಂಬ, ಒಂದಕ್ಕಿಂತ ಕಡಿಮೆಯ ಸಂಖ್ಯೆಯಿಂದ ಗುಣಿಸಿದಾಗ ನಿಜವಾದ ವ್ಯಾಟ್ ಸಿಗುತ್ತದೆ. ಮನೆಯ ಮೀಟರ್ ಲೆಕ್ಕ ಹಿಡಿಯುವುದು ಈ ನಿಜವಾದ ವ್ಯಾಟುಗಳನ್ನು. ಯುಪಿಎಸ್ ಕೊಳ್ಳುವಾಗ ಅಂಗಡಿಯವರು ವಿಎ ಎಂದು ಹೇಳುವ ಅಂಕಿಯನ್ನು ವ್ಯಾಟ್ ಎಂದು ಭಾವಿಸಿ ಮೋಸಹೋಗುವವರೂ ಈ ವ್ಯತ್ಯಾಸವನ್ನು ತಿಳಿಯದವರೇ.

ನಿಮ್ಮ ಮೋಟರಿನ ಪವರ್ ಫ್ಯಾಕ್ಟರನ್ನು ಖರ್ಚಿಲ್ಲದೆ ಅಳೆಯಬಹುದು. ಮನೆಯ ಎಲೆಕ್ಟ್ರಾನಿಕ್ ಮೀಟರಿನಲ್ಲಿ ಒಂದು ಕೆಂಪು ದೀಪ ಮಿಣುಕುತ್ತಿರುತ್ತದೆ, ಒಂದು ಯೂನಿಟ್ಟಿಗೆ ಎಷ್ಟು ಮಿಣುಕು ಎಂದು ಅದರ ಮುಖದ ಮೇಲೆಯೇ ಬರೆದಿರುತ್ತದೆ. ಫ್ರಿಜ್ಜೂ ಸೇರಿದಂತೆ ಉಳಿದೆಲ್ಲವನ್ನೂ ಆರಿಸಿ, ಮೋಟರನ್ನು ಮಾತ್ರ ಹಚ್ಚಿ, ಒಂದು ನಿಮಿಷ ಎಣಿಸಿ. ಯೂನಿಟ್ಟಿಗೆ 3200 ಮಿಣುಕಿನ ಮೀಟರಿನಲ್ಲಿ ನಿಮಿಷಕ್ಕೆ 58 ಬಂದರೆ, ಗಂಟೆಗೆ 3480; ಅದನ್ನು 3200ರಿಂದ ಭಾಗಿಸಿದರೆ ಗಂಟೆಗೆ 1.09 ಯೂನಿಟ್, ಅಂದರೆ 1090 ವ್ಯಾಟ್. 1090 ÷ 1350 = 0.8, ಇದೇ ಪವರ್ ಫ್ಯಾಕ್ಟರ್. ನಿಮ್ಮ ಮೋಟರಿಗೂ ಇದೇ ಬರುತ್ತದೆ ಎಂದಲ್ಲ, ಎಣಿಸಿ ನೋಡಿ.

ಇನ್ನು ಎಚ್.ಪಿ. ವಿಚಾರ. ಮೋಟರಿನ ತಗಡಿನ ಮೇಲೆ ಬರೆದ ಒಂದು ಎಚ್.ಪಿ. ಅದು ದಂಡದ ಮೇಲೆ ಕೊಡುವ ಕೆಲಸದ ಅಳತೆ, ಲೈನಿನಿಂದ ಎಳೆದುಕೊಳ್ಳುವುದರ ಅಳತೆ ಅಲ್ಲ. 746 ವ್ಯಾಟಿನ ಕೆಲಸ ಕೊಡಲು ಸಣ್ಣ ಮೋಟರೊಂದು 1000 ವ್ಯಾಟಿನ ಮೇಲೆ ತೆಗೆದುಕೊಳ್ಳುವುದು ಸಾಮಾನ್ಯ; ಉಳಿದದ್ದು ಅದರ ಮೈ ಬಿಸಿಯಾಗಲು ಹೋಗುತ್ತದೆ. ನಿಮ್ಮ ಪತ್ರದ ಕೊನೆಯಲ್ಲಿ ಮೋಟರಿನ ಸುರುಳಿಯ ರೋಧ 4 ಓಮ್ ಎಂದೂ, ಆ ಲೆಕ್ಕದಲ್ಲಿ 56 ಆಂಪಿಯರ್ ಬರಬೇಕಿತ್ತೆಂದೂ ಬರೆದಿದ್ದೀರಿ. ತಿರುಗುವ ಮೋಟರಿನಲ್ಲಿ ಸುರುಳಿಗಳೇ ಲೈನಿಗೆ ಎದುರಾಗಿ ಒಂದು ವೋಲ್ಟೇಜನ್ನು ಹುಟ್ಟಿಸುತ್ತವೆ, ತಾಮ್ರದ ರೋಧಕ್ಕೆ ಉಳಿಯುವುದು ಸ್ವಲ್ಪವೇ ವೋಲ್ಟೇಜು. ಪಂಪು ಕಚ್ಚಿಕೊಂಡು ಮೋಟರ್ ತಿರುಗದೆ ಗುಂಯ್‌ಗುಡುವಾಗ ಈ ಎದುರು ವೋಲ್ಟೇಜು ಬಹಳ ಕುಗ್ಗುತ್ತದೆ, ಕರೆಂಟು ಹಲವು ಪಟ್ಟು ಏರಿ ಸುರುಳಿ ಸುಡುತ್ತದೆ. ಆ ಸದ್ದು ಕೇಳಿದರೆ ಮೊದಲು ಸ್ವಿಚ್ ಆರಿಸಿ.

ಪ್ರಶ್ನೆ: ಕರೆಂಟಿನ ವರ್ಗವನ್ನು ರೋಧದಿಂದ ಗುಣಿಸಿದರೆ ನಷ್ಟ, ಆದ್ದರಿಂದ ಹೆಚ್ಚು ವೋಲ್ಟೇಜಿನಲ್ಲಿ ಕಳಿಸಿದರೆ ನಷ್ಟ ಕಡಿಮೆ ಎಂದು ಮಕ್ಕಳಿಗೆ ಹೇಳಿದೆ. ವೋಲ್ಟೇಜಿನ ವರ್ಗವನ್ನು ರೋಧದಿಂದ ಭಾಗಿಸಿದರೂ ಸಾಮರ್ಥ್ಯವೇ ತಾನೇ, ಹಾಗಾದರೆ ನಷ್ಟ ಹೆಚ್ಚಾಗಬೇಕಲ್ಲ ಎಂದು ಒಬ್ಬ ಹುಡುಗ ಕೇಳಿದ. ಉತ್ತರಿಸಲಾಗಲಿಲ್ಲ. (ಪ್ರೌಢಶಾಲಾ ಶಿಕ್ಷಕರು, ಯಲಹಂಕ)

ಉತ್ತರ: ಆ ಹುಡುಗನಿಗೆ ನನ್ನ ಶಹಭಾಸ್ ತಿಳಿಸಿ. ಅವನ ಸೂತ್ರ ಸರಿ, ಆದರೆ ಅದರಲ್ಲಿ ಹಾಕಬೇಕಾದದ್ದು ತಂತಿಯ ಈ ತುದಿಗೂ ಆ ತುದಿಗೂ ನಡುವೆ ಕಳೆದುಹೋಗುವ ವೋಲ್ಟೇಜನ್ನು, ಲೈನು ಹೊತ್ತೊಯ್ಯುವ ವೋಲ್ಟೇಜನ್ನಲ್ಲ. 10 ಓಮ್ ರೋಧದ ಲೈನಿನಲ್ಲಿ 100 ಕಿಲೋವ್ಯಾಟನ್ನು 10,000 ವೋಲ್ಟಿನಲ್ಲಿ ಕಳಿಸಿದರೆ ಕರೆಂಟು 10 ಆಂಪಿಯರ್, ದಾರಿಯಲ್ಲಿ ಕಳೆಯುವುದು 100 ವೋಲ್ಟ್. ಹುಡುಗನ ಸೂತ್ರದಂತೆ 100 × 100 ÷ 10 = 1000 ವ್ಯಾಟ್; ನಿಮ್ಮ ಸೂತ್ರದಂತೆ 10 × 10 × 10, ಅದೂ 1000 ವ್ಯಾಟ್. 5000 ವೋಲ್ಟಿನಲ್ಲಿ ಕಳಿಸಿದರೆ ಕರೆಂಟು 20 ಆಂಪಿಯರ್, ಕಳೆಯುವುದು 200 ವೋಲ್ಟ್, ಎರಡೂ ಸೂತ್ರಗಳಿಂದ ನಷ್ಟ 4000 ವ್ಯಾಟ್.

ತರಗತಿಯಲ್ಲಿ ಉದಾಹರಣೆಗೆ ದೂರ ಹೋಗಬೇಕಿಲ್ಲ. ಶಿವನಸಮುದ್ರದ ಜಲವಿದ್ಯುತ್ತು 1902ರಲ್ಲಿ ತೊಂಬತ್ತು ಮೈಲಿಗೂ ಮೀರಿದ ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲಪಿದ್ದು, 1905ರಲ್ಲಿ ಬೆಂಗಳೂರಿನ ಬೀದಿದೀಪಗಳನ್ನು ಹೊತ್ತಿಸಿದ್ದು ಈ ಲೆಕ್ಕದ ಬಲದಿಂದಲೇ. ಹತ್ತಾರು ಸಾವಿರ ವೋಲ್ಟಿಗೆ ಏರಿಸಿ ಕಳಿಸದೆ ಇದ್ದಿದ್ದರೆ ಆ ಕಾವೇರಿಯ ಶಕ್ತಿಯೆಲ್ಲ ದಾರಿಯ ತಂತಿಯನ್ನು ಕಾಯಿಸುವುದರಲ್ಲೇ ಮುಗಿಯುತ್ತಿತ್ತು.

ಪ್ರಶ್ನೆ: ದಸರಾ ಗೊಂಬೆಗಳ ಮೆಟ್ಟಿಲಿಗೆ 12 ವೋಲ್ಟಿನ ಅಡಾಪ್ಟರಿನಿಂದ ಬಿಳಿ ಎಲ್‌ಇಡಿಗಳನ್ನು ಹಚ್ಚಬೇಕೆಂದಿದ್ದೇನೆ. ಒಂದಕ್ಕೆ 20 ಮಿಲಿಆಂಪಿಯರ್ ಎಂದರು. 12 ÷ 0.02 = 600 ಓಮಿನ ರೆಸಿಸ್ಟರ್ ಸರಿಯೇ? (ಜಯನಗರದ ಓದುಗರು)

ಉತ್ತರ: ಅಷ್ಟು ಹಾಕಿದರೆ ಏನೂ ಸುಡದು, ದೀಪ ಸ್ವಲ್ಪ ಮಂಕಾಗುತ್ತದೆ ಅಷ್ಟೇ. 12 ವೋಲ್ಟಿನಲ್ಲಿ ಬಿಳಿ ಎಲ್‌ಇಡಿ ತಾನೇ ಸುಮಾರು 3 ವೋಲ್ಟ್ ಇಟ್ಟುಕೊಳ್ಳುತ್ತದೆ, ರೆಸಿಸ್ಟರಿನ ಪಾಲಿಗೆ ಬರುವುದು 9 ಮಾತ್ರ. 9 ÷ 0.02 = 450; ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ 470 ಓಮಿನದನ್ನು ಕೊಳ್ಳಿ. ಆದರೆ ಒಂದೊಂದಕ್ಕೂ ಒಂದೊಂದು ರೆಸಿಸ್ಟರ್ ಹಾಕುವ ಬದಲು ಮೂರು ಎಲ್‌ಇಡಿಗಳನ್ನು ಸಾಲಾಗಿ ಜೋಡಿಸುವುದು ಮೇಲು. ಆಗ ರೆಸಿಸ್ಟರಿಗೆ ಉಳಿಯುವುದು 3 ವೋಲ್ಟ್, ಬೇಕಾದ ರೋಧ 150 ಓಮ್, ಅದರಲ್ಲಿ ಹುಟ್ಟುವ ಶಾಖ 3 × 0.02 = 0.06 ವ್ಯಾಟ್. ಕಾಲು ವ್ಯಾಟಿನ ರೆಸಿಸ್ಟರ್ ಇದಕ್ಕೆ ಧಾರಾಳವಾಗಿ ಸಾಕು, ಮುಟ್ಟಿದರೆ ಬೆಚ್ಚಗಿರುವುದೂ ತಿಳಿಯುವುದಿಲ್ಲ. ಒಂಟಿ ಎಲ್‌ಇಡಿಯ ಜೋಡಣೆಯಲ್ಲಿ ಇದೇ ಶಾಖ 0.17 ವ್ಯಾಟಿನಷ್ಟಾಗಿ ರೆಸಿಸ್ಟರ್ ಚೆನ್ನಾಗಿಯೇ ಬಿಸಿಯಾಗುತ್ತದೆ. ಹಾಗೆಯೇ ಮಾಡುವುದಾದರೆ ಅರ್ಧ ವ್ಯಾಟಿನದನ್ನು ಕೊಂಡು, ಮೆಟ್ಟಿಲಿಗೆ ಹಾಸಿದ ಬಟ್ಟೆಗೆ ತಾಗದಂತೆ ಹಿಂಬದಿಯಲ್ಲಿ ಕಟ್ಟಿ.